ಮೈಗೆ ಹತ್ತದ ಊಟ: ತೂಕ ಹೆಚ್ಚಿಸಿಕೊಳ್ಳಲು ಬಂದ ಯುವಕನ ಪ್ರಕರಣ

ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಬೆಂಗಳೂರಿನ ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಮಾಡುತ್ತಿರುವ 23 ವರ್ಷದ ಯುವಕರೊಬ್ಬರು ಕಳೆದ ವರ್ಷ ನನ್ನಲ್ಲಿ ಆಪ್ತಸಲಹೆಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. "ಮೇಡಂ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ" ಎಂಬುದು ಅವರ ಮೊದಲ ಮಾತು. ಎತ್ತರ 173 ಸೆಂಟಿಮೀಟರ್, ತೂಕ 52 ಕಿಲೋ, ಅಂದರೆ ಬಿ.ಎಂ.ಐ. (ಎತ್ತರಕ್ಕೆ ತೂಕ ಎಷ್ಟಿದೆಯೆಂದು ತೋರಿಸುವ ಅಳತೆ) 17.4, ಇರಬೇಕಾದ ಕನಿಷ್ಠ 18.5ಕ್ಕಿಂತ ಕಡಿಮೆ. ಆರು ತಿಂಗಳಿಂದ ವಾರಕ್ಕೆ ಆರು ದಿನ ಜಿಮ್‌ಗೆ ಹೋಗುತ್ತಿದ್ದರು, ತೂಕ ಹೆಚ್ಚಿಸುತ್ತದೆಂದು ಮಾರುವ ಮಾಸ್ ಗೇನರ್ ಪುಡಿಯ ಎರಡು ಡಬ್ಬಿ ಮುಗಿಸಿದ್ದರು, ಹಸಿ ಮೊಟ್ಟೆ ಕುಡಿಯುತ್ತಿದ್ದರು. ಇದರಿಂದ ಬಂದದ್ದು ಹೊಟ್ಟೆಯುಬ್ಬರ ಮತ್ತು ಭೇದಿ ಮಾತ್ರ. ಕೊನೆಗೆ ಜಿಮ್‌ನಲ್ಲಿ ಒಬ್ಬರು ಮೈ ಬೆಳೆಸಲು ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳುವಂತೆ ಸೂಚಿಸಿದಾಗ ಅವರಿಗೆ ಭಯವಾಗಿತ್ತು. ಆ ಭಯವೇ ಅವರನ್ನು ನನ್ನ ಬಳಿಗೆ ಕರೆತಂದಿತೆನ್ನುವುದು ನನಗೆ ಇಂದಿಗೂ ಸಮಾಧಾನದ ವಿಷಯ.

ಊಟದ ಮಾತಿಗೆ ಮೊದಲು ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಕ್ಷಯ, ಹೊಟ್ಟೆಹುಳು ಇವುಗಳಲ್ಲಿ ಯಾವುದಿದ್ದರೂ ತಿಂದದ್ದು ಮೈಗೆ ಹತ್ತದಿರಬಹುದು. ಅವರ ಥೈರಾಯ್ಡ್ ಮತ್ತು ಸಕ್ಕರೆ ಸರಿಯಾಗಿದ್ದವು. ಹಿಮೋಗ್ಲೋಬಿನ್ ಮಾತ್ರ 11.8 ಇತ್ತು, ಗಂಡಸರಿಗೆ ಅದು 13ಕ್ಕಿಂತ ಕಡಿಮೆ ಇರಬಾರದು. ವೈದ್ಯರು ಜಂತುಹುಳುವಿನ ಮಾತ್ರೆ ಹಾಗೂ ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟರು. ಊಟವಾದ ಕೂಡಲೇ ಕಾಫಿ ಕುಡಿದರೆ ಕಬ್ಬಿಣ ಮೈಗೆ ಸೇರುವುದು ಕುಂದುತ್ತದೆಯಾದ್ದರಿಂದ ಕಾಫಿಯನ್ನು ಒಂದೆರಡು ಗಂಟೆ ಮುಂದೂಡಲು ನಾನು ಹೇಳಿದೆ.

ನಾಲ್ಕು ದಿನ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದ್ದೆ. ಆ ಪುಟಗಳನ್ನು ನೋಡಿದಾಗ "ಎಷ್ಟು ತಿಂದರೂ" ಎಂಬ ಮಾತು ನಿಜವಲ್ಲವೆಂದು ಗೊತ್ತಾಯಿತು. ರಾತ್ರಿ ಎಂಟೂವರೆಯ ಊಟವಾದ ಮೇಲೆ ಮರುದಿನ ಮಧ್ಯಾಹ್ನ ಒಂದು ಗಂಟೆಯವರೆಗೆ ಅವರ ಹೊಟ್ಟೆಗೆ ಬೀಳುತ್ತಿದ್ದದ್ದು ಕಾಫಿ ಮತ್ತು ಒಂದು ಲೋಟ ಪುಡಿಯ ನೀರು. ರಾತ್ರಿಯೂ ಎರಡು ಚಪಾತಿ, ಒಂದು ಸೌಟು ಅನ್ನ, ಅಷ್ಟೇ. ಇಷ್ಟು ಕಡಿಮೆ ಏಕೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ನಂತರ ಹೇಳಿದರು: ಪಿ.ಜಿ.ಯ ಊಟದ ಸಾಲಿನಲ್ಲಿ ಎರಡನೆಯ ಸಲ ತಟ್ಟೆ ಹಿಡಿದು ನಿಂತರೆ "ಇಷ್ಟು ತಿಂದದ್ದೆಲ್ಲ ಎಲ್ಲಿ ಹೋಗುತ್ತೋ ಕಡ್ಡಿ?" ಎಂದು ಜೊತೆಯವರು ನಗುತ್ತಿದ್ದರು, ಆದ್ದರಿಂದ ಅವರು ಎರಡನೆಯ ಸಲ ಹೋಗುವುದನ್ನೇ ಬಿಟ್ಟಿದ್ದರು. ದುಬಾರಿ ಡಬ್ಬಿಯನ್ನು ಕೋಣೆಯ ಬಾಗಿಲು ಹಾಕಿಕೊಂಡು ಕುಡಿಯಬಹುದಿತ್ತು, ಅನ್ನವನ್ನು ಹಾಗೆ ಉಣ್ಣಲಾಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಪುಡಿಯಲ್ಲ, ನಾಲ್ಕು ಜನರ ಎದುರು ಹೊಟ್ಟೆ ತುಂಬ ಉಣ್ಣುವ ಧೈರ್ಯ ಎಂಬುದು ಅಂದು ನನಗೆ ಸ್ಪಷ್ಟವಾಯಿತು. ತೆಳ್ಳಗಿರುವವರನ್ನು ಆಡಿಕೊಳ್ಳುವುದನ್ನು ನಮ್ಮಲ್ಲಿ ಯಾರೂ ನೋವೆಂದು ಎಣಿಸುವುದಿಲ್ಲ. ಅದು ನಿಜವಾದ ನೋವು.

ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು ಸೇರಿದರೆ ಸಾಕೆಂದು ವಿವರಿಸಿದೆ. ಒಂದು ದೊಡ್ಡ ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸೇರಿದರೆ ಅಷ್ಟಾಗುತ್ತದೆ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು, ಅಂದರೆ ಇವರಿಗೆ 83 ಗ್ರಾಂ. ಬೇಯಿಸಿದ ಮೂರು ಮೊಟ್ಟೆಯಿಂದ 18, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಆ ಕಡಲೆಕಾಯಿಯಿಂದ 12, ಹೆಸರುಕಾಳಿನ ಉಸಲಿಯಿಂದ 10. ಉಳಿದದ್ದು ಅನ್ನ, ಚಪಾತಿ, ಬೇಳೆ ಸಾರು ಮತ್ತು ವಾರಕ್ಕೆರಡು ದಿನದ ಕೋಳಿ ಸಾರಿನಿಂದ ಹೊಂದುತ್ತದೆ. ಊರಿನಿಂದ ಅವರ ತಾಯಿ ಕಳುಹಿಸಿದ ರಾಗಿ ಹುರಿಹಿಟ್ಟಿನ ಡಬ್ಬಿ ಮೂರು ತಿಂಗಳಿಂದ ಹಾಗೆಯೇ ಕಪಾಟಿನಲ್ಲಿತ್ತು. ಬೆಳಿಗ್ಗೆ ಜಿಮ್‌ಗೆ ಹೊರಡುವ ಮುನ್ನ ಅದನ್ನೇ ಹಾಲು ಬೆಲ್ಲದಲ್ಲಿ ಕಲಸಿ ತಿನ್ನಲು ಹೇಳಿದಾಗ ಅವರ ಮುಖದಲ್ಲಿ ಮೊದಲ ಬಾರಿ ನಗು ಕಂಡಿತು.

ಮಾಸ್ ಗೇನರ್ ನಿಲ್ಲಿಸಲು ಹೇಳಿದೆ, ಅಂಥ ಪುಡಿಗಳಲ್ಲಿ ಬಹುಪಾಲು ಇರುವುದು ಪಿಷ್ಟದಿಂದ ತಯಾರಿಸುವ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಕಾರ್ಬೋಹೈಡ್ರೇಟ್. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಬಹುದು, ಬೇಯಿಸಿದ ಮೊಟ್ಟೆಯ ಪ್ರೋಟೀನ್ ಮೈಗೆ ಹೆಚ್ಚು ಹತ್ತುತ್ತದೆ. ಇಂಜೆಕ್ಷನ್ ವಿಷಯದಲ್ಲಿ ಮಾತ್ರ ನಾನು ಮೆದುವಾಗಿ ಮಾತನಾಡಲಿಲ್ಲ. ಹೊರಗಿನಿಂದ ಸ್ಟೆರಾಯ್ಡ್ ಹೋದರೆ ವೃಷಣಗಳು ತಮ್ಮ ಹಾರ್ಮೋನ್ ಉತ್ಪಾದನೆಯನ್ನು ನಿಲ್ಲಿಸುತ್ತವೆ, ವೀರ್ಯಾಣುಗಳ ಸಂಖ್ಯೆ ಕುಗ್ಗುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಅದನ್ನು ಮುಟ್ಟಲೇಬಾರದೆಂದು ನೇರವಾಗಿ ಹೇಳಿದೆ.

ವ್ಯಾಯಾಮವನ್ನು ಆರು ದಿನದಿಂದ ಮೂರು ದಿನಕ್ಕೆ ಇಳಿಸಿದೆವು. ಸ್ಕ್ವಾಟ್, ಡೆಡ್‌ಲಿಫ್ಟ್, ಪುಷ್‌ಅಪ್ ಮುಂತಾದ ಕೆಲವನ್ನಷ್ಟೇ ಮಾಡಿ, ಎತ್ತಿದ ಭಾರವನ್ನು ಪುಸ್ತಕದಲ್ಲಿ ಬರೆದು ಸ್ವಲ್ಪಸ್ವಲ್ಪವೇ ಏರಿಸುವುದು, ಏಳೆಂಟು ಗಂಟೆ ನಿದ್ರೆ ಮಾಡುವುದು. ಊಟದ ಸಾಲಿಗಾಗಿ ಒಂದು ವಾಕ್ಯವನ್ನು ಇಲ್ಲಿಯೇ ಹಲವು ಸಲ ಅಭ್ಯಾಸ ಮಾಡಿದೆವು: "ನನಗೆ ಇನ್ನೂ ಹಸಿವಿದೆ, ಬಡಿಸಿ." ಮೊದಲ ವಾರ ಅದನ್ನು ಹೇಳಲಾಗದೆ ಎರಡು ದಿನ ಹಿಂದಿರುಗಿದರಂತೆ. ಮೂರನೆಯ ದಿನ ಹೇಳಿದರು, ಬಡಿಸುವ ಅಕ್ಕ ಕೇಳಿದ್ದಕ್ಕಿಂತ ಹೆಚ್ಚೇ ಹಾಕಿದರು.

ನಾಲ್ಕು ತಿಂಗಳ ನಂತರ ತೂಕ 56.4 ಕಿಲೋ, ಹಿಮೋಗ್ಲೋಬಿನ್ 13.4. ಹಬ್ಬಕ್ಕೆ ಊರಿಗೆ ಹೋದಾಗ ಅವರ ಅತ್ತೆ ಈಗಲೂ "ಬಡಕಲಾಗಿದ್ದೀಯಲ್ಲೋ" ಎಂದರಂತೆ, ಆ ರಾತ್ರಿ ಅವರಿಗೆ ಸರಿಯಾಗಿ ನಿದ್ರೆ ಬರಲಿಲ್ಲ. ಆದರೂ ಊಟ ಬಿಡಲಿಲ್ಲ. ಸೇರುತ್ತಿರುವುದು ಬರೀ ಬೊಜ್ಜಲ್ಲವೆಂದು ತಿಳಿಯಲು ಸೊಂಟದ ಅಳತೆಯನ್ನು ತಿಂಗಳಿಗೊಮ್ಮೆ ಬರೆದಿಡುವಂತೆ ಹೇಳಿ, ಮುಂದಿನ ಭೇಟಿಯನ್ನು ಎರಡು ತಿಂಗಳಿಗೆ ನಿಗದಿಪಡಿಸಿದ್ದೇನೆ.