ಐದು ಡಾಲರ್ ಕೂಲಿಯನ್ನು ಕೊಟ್ಟವರು ಯಾರು?

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರ:

‘ದುಡಿಮೆಯ ಅವಧಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಸಂಪಾದಕೀಯದಲ್ಲಿ ಮಾಲೀಕರ ತಪ್ಪುಗಳೇ ತುಂಬಿವೆ. ನಾನು ಮೂವತ್ತೊಂದು ವರ್ಷ ಹತ್ತಿ ಗಿರಣಿಯಲ್ಲಿ ದುಡಿದವನು. ಆದರೂ ಹೇಳುತ್ತೇನೆ, ಒಳ್ಳೆಯ ಮಾಲೀಕರೂ ಇದ್ದರು. ಅಮೆರಿಕದ ಹೆನ್ರಿ ಫೋರ್ಡ್ ಯಾವ ಸಂಘವೂ ಕೇಳದೆ, ಯಾರೂ ಒತ್ತಾಯಿಸದೆ, ಒಂದೇ ದಿನದಲ್ಲಿ ಕೆಲಸಗಾರರ ಕೂಲಿಯನ್ನು ಎರಡು ಪಟ್ಟು ಮಾಡಿ ದಿನಕ್ಕೆ ಐದು ಡಾಲರಿಗೆ ಏರಿಸಿದರು. ತಮ್ಮ ಕಾರ್ಖಾನೆಯ ಕಾರನ್ನು ಅದನ್ನು ತಯಾರಿಸಿದವನೂ ಕೊಳ್ಳುವಂತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಅಂಥವರ ಬಗ್ಗೆಯೂ ನಿಮ್ಮ ಪತ್ರಿಕೆ ಒಂದು ಮಾತು ಬರೆಯಬಾರದೇ?’

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಿರಣಿಯ ಪಾಳಿಗಳಲ್ಲಿ ಇಡೀ ಪ್ರಾಯವನ್ನು ಸವೆಸಿದವರು ಮಾಲೀಕರ ಪರವಾಗಿ ಒಂದು ಒಳ್ಳೆಯ ಮಾತು ಹೇಳಲು ಕಾಗದ ಬರೆಯುತ್ತಾರೆಂದರೆ ಅವರ ಮನಸ್ಸು ದೊಡ್ಡದು. ಆ ದೊಡ್ಡತನವನ್ನು ನೀವು ಫೋರ್ಡ್ ಅವರ ಲೆಕ್ಕಕ್ಕೆ ಬರೆದುಬಿಟ್ಟಿದ್ದೀರಿ ಎಂಬುದೇ ನನ್ನ ತಕರಾರು.

ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಮಿಷಿಗನ್ ರಾಜ್ಯದ ರೈತ ಕುಟುಂಬದಲ್ಲಿ 1863ರಲ್ಲಿ ಹುಟ್ಟಿದ ಹೆನ್ರಿ ಫೋರ್ಡ್ ಮೊದಲು ಕೈಹಾಕಿದ ಕಂಪನಿ ಮುಚ್ಚಿತು, ಎರಡನೆಯದನ್ನು ಅವರೇ ಬಿಟ್ಟು ಬಂದರು. 1903ರ ಜೂನ್ 16ರಂದು ಡೆಟ್ರಾಯಿಟ್ ನಗರದಲ್ಲಿ ಕಟ್ಟಿದ ಮೂರನೆಯದು ನೆಲೆಯೂರಿತು. 1908ರಲ್ಲಿ 850 ಡಾಲರ್ ಬೆಲೆಯಿದ್ದ ಮಾಡೆಲ್ ಟಿ ಕಾರು 1925ರ ಹೊತ್ತಿಗೆ 300 ಡಾಲರಿಗಿಂತಲೂ ಕಡಿಮೆಗೆ ಸಿಗುತ್ತಿತ್ತು. 1927ರಲ್ಲಿ ಅದರ ತಯಾರಿಕೆ ನಿಂತಾಗ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು. ಕಾರು ಶ್ರೀಮಂತರ ಆಟಿಕೆಯಷ್ಟೇ ಆಗಿದ್ದ ಕಾಲದಲ್ಲಿ ಅದನ್ನು ಹೊಲಗದ್ದೆಯವರ ಮನೆಗೂ ತಲುಪಿಸಬೇಕೆಂದು ಹಟ ಹಿಡಿದವರು ಅವರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಆ ಕಾರನ್ನು ಒಬ್ಬರೇ ಮಾಡಲಿಲ್ಲ. ಅದರ ವಿನ್ಯಾಸದ ಹಿಂದೆ ಹೆರಾಲ್ಡ್ ವಿಲ್ಸ್ ಇದ್ದರು, ಹಂಗೇರಿಯಿಂದ ವಲಸೆ ಬಂದ ಯೋಜೆಫ್ ಗಲಾಂಬ್ ಇದ್ದರು. ಕಂಪನಿಯ ಹಣಕಾಸನ್ನೂ ಮಾರಾಟವನ್ನೂ ಬಿಗಿಹಿಡಿದು ನಡೆಸಿದವರು ಜೇಮ್ಸ್ ಕಝನ್ಸ್. ಎಂಜಿನ್ನು ಮೊದಲಾದ ಭಾಗಗಳನ್ನು ಆರಂಭದ ವರ್ಷಗಳಲ್ಲಿ ತಮ್ಮ ಕಾರ್ಖಾನೆಯಲ್ಲಿ ತಯಾರಿಸಿ ಕೊಟ್ಟವರು ಡಾಜ್ ಸಹೋದರರು. ಚಲಿಸುವ ಜೋಡಣಾ ಸಾಲಿನ ಕಲ್ಪನೆಗೆ ಇಂಬು ಕೊಟ್ಟದ್ದು ಚಿಕಾಗೊದ ಕಸಾಯಿಖಾನೆ. ಅಲ್ಲಿ ತೂಗುಹಾಕಿದ ಪ್ರಾಣಿಯ ದೇಹ ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ ಸಾಗುತ್ತ ತುಂಡುತುಂಡಾಗುವುದನ್ನು ನೋಡಿಬಂದ ವಿಲಿಯಂ ಕ್ಲಾನ್ ಎಂಬ ಮೇಲ್ವಿಚಾರಕರು, ಹೀಗೆ ಬಿಡಿಸಲು ಸಾಧ್ಯವಿದ್ದರೆ ಹೀಗೆಯೇ ಜೋಡಿಸಲೂ ಸಾಧ್ಯವಲ್ಲವೇ ಎಂದು ಯೋಚಿಸಿದರು. ಇವರಲ್ಲಿ ಒಬ್ಬರ ಹೆಸರಾದರೂ ನೀವು ಶಾಲೆಯ ಪುಸ್ತಕದಲ್ಲಿ ಓದಿದ್ದೀರಾ? ನಾನು ಓದಿರಲಿಲ್ಲ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ‘ಯಾರೂ ಒತ್ತಾಯಿಸದೆ’ ಎಂದಿದ್ದೀರಿ. 1913ರಲ್ಲಿ ಫೋರ್ಡ್ ಕಂಪನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯೊಳಗೆ ಏನು ನಡೆಯಿತೆಂದು ನೋಡಿ. ಅದಕ್ಕೆ ಮೊದಲು ಒಂದು ಮ್ಯಾಗ್ನೆಟೊವನ್ನು, ಅಂದರೆ ಎಂಜಿನ್ನಿನ ಕಿಡಿಗೆ ವಿದ್ಯುತ್ ಒದಗಿಸುವ ಭಾಗವನ್ನು, ಒಬ್ಬ ಕೆಲಸಗಾರ ಪೂರ್ತಿ ಜೋಡಿಸುತ್ತಿದ್ದ. ಸುಮಾರು 20 ನಿಮಿಷ ಹಿಡಿಯುತ್ತಿತ್ತು. ಅದೇ ಕೆಲಸವನ್ನು 29 ಜನರಿಗೆ ಚೂರುಚೂರಾಗಿ ಹಂಚಿ ಸಾಲಾಗಿ ನಿಲ್ಲಿಸಿದಾಗ ಒಂದಕ್ಕೆ ತಗಲುವ ಶ್ರಮ 13 ನಿಮಿಷ 10 ಸೆಕೆಂಡಿಗೆ ಇಳಿಯಿತು, ಮುಂದೆ 5 ನಿಮಿಷಕ್ಕೆ ಬಂತು. ಕಾರಿನ ತಳದ ಚೌಕಟ್ಟಾದ ಚಾಸಿಯನ್ನು ಪೂರ್ತಿ ಜೋಡಿಸಲು 12 ಗಂಟೆಗೂ ಹೆಚ್ಚು ಬೇಕಾಗಿದ್ದದ್ದು 93 ನಿಮಿಷಕ್ಕೆ ಮುಟ್ಟಿತು. ಲೆಕ್ಕದ ಪುಸ್ತಕದಲ್ಲಿ ಇದು ಅದ್ಭುತವಾಗಿ ಕಾಣುತ್ತದೆ. ಕಸುಬು ಬಲ್ಲ ಮನುಷ್ಯನಿಗೆ ಇದರ ಅರ್ಥ ಬೇರೆ. ನಿನ್ನೆಯವರೆಗೆ ಒಂದು ಯಂತ್ರವನ್ನು ತಾನೇ ಜೋಡಿಸಿ, ತಾನೇ ಪರೀಕ್ಷಿಸಿ, ತಾನು ಮಾಡಿದ್ದೆಂದು ಹೇಳಿಕೊಳ್ಳುತ್ತಿದ್ದವನು ಇಂದು ಬೆಳಗಿನಿಂದ ಸಂಜೆಯವರೆಗೆ ಅವೇ ಎರಡು ತಿರುಪುಗಳನ್ನು ಬಿಗಿಯುತ್ತಾನೆ, ಅದೂ ಯಾರೋ ಗೊತ್ತುಮಾಡಿದ ವೇಗದಲ್ಲಿ.

ಅವರು ಕೆಲಸ ಬಿಟ್ಟು ಹೊರಟರು. ಸುಮಾರು 14,000 ಜನರ ಪಡೆಯನ್ನು ಉಳಿಸಿಕೊಳ್ಳಲು ಆ ಒಂದು ವರ್ಷದಲ್ಲಿ ಕಂಪನಿ 52,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಶೇಕಡಾ 370ರ ಬದಲಾವಣೆ ಎಂದು ಇತಿಹಾಸಕಾರರು ಬರೆಯುವುದು ಇದನ್ನೇ. ಪ್ರತಿ ಹೊಸಬನಿಗೂ ಕೆಲಸ ಕಲಿಸಬೇಕು, ಕಲಿಯುವಷ್ಟರಲ್ಲಿ ಅವನೂ ಹೊರಟಿರುತ್ತಾನೆ. ಒಬ್ಬನ ಜಾಗ ಖಾಲಿಯಾದರೂ ಇಡೀ ಸಾಲು ತೊಡರುವ ವ್ಯವಸ್ಥೆಯಲ್ಲಿ ಇದಕ್ಕಿಂತ ದೊಡ್ಡ ಒತ್ತಾಯ ಯಾವುದು ಬೇಕು? ಅದೇ ವರ್ಷದ ಜೂನ್ ತಿಂಗಳಲ್ಲಿ ಡೆಟ್ರಾಯಿಟ್ ನಗರದ ಸ್ಟುಡಿಬೇಕರ್ ಕಾರ್ಖಾನೆಯ ಸಾವಿರಾರು ಜನ ಮುಷ್ಕರ ಹೂಡಿ ಬೀದಿಗಿಳಿದಿದ್ದರು. ಸಂಘವೂ ಇತ್ತು, ಕೂಗೂ ಇತ್ತು. ಫೋರ್ಡ್ ಕಾರ್ಖಾನೆಯ ಒಳಗೆ ಬಾಯಿಯ ಬದಲು ಕಾಲು ಮಾತಾಡಿತು, ಅಷ್ಟೇ ವ್ಯತ್ಯಾಸ.

1914ರ ಜನವರಿ 5ರಂದು ಪತ್ರಕರ್ತರನ್ನು ಕರೆಸಿ, ದಿನಕ್ಕೆ ಐದು ಡಾಲರ್, ಒಂಬತ್ತು ಗಂಟೆಯ ಬದಲು ಎಂಟು ಗಂಟೆ ಎಂಬ ಹೇಳಿಕೆಯನ್ನು ಓದಿದವರು ಫೋರ್ಡ್ ಅಲ್ಲ, ಕಝನ್ಸ್. ಮರುದಿನದಿಂದಲೇ ಕೊರೆಯುವ ಚಳಿಯಲ್ಲಿ ಸಾವಿರಾರು ನಿರುದ್ಯೋಗಿಗಳು ಗೇಟಿನ ಮುಂದೆ ನೆರೆದರು. ಕೆಲವೇ ದಿನಗಳಲ್ಲಿ ನೂಕುನುಗ್ಗಲು ಕೈಮೀರಿದಾಗ ಅವರ ಮೇಲೆ ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾಯಿಸಲಾಯಿತು. ಐದು ಡಾಲರಿನ ಕಥೆ ಹೇಳುವವರು ಈ ನೀರಿನ ಕಥೆಯನ್ನು ಬಿಡುತ್ತಾರೆ. ನನಗೆ ಅದನ್ನು ಬಿಡಲಾಗುವುದಿಲ್ಲ.

ಆ ಐದು ಡಾಲರೂ ಪೂರ್ತಿ ಕೂಲಿಯಾಗಿರಲಿಲ್ಲ. 2.34 ಡಾಲರ್ ಕೂಲಿ. ಉಳಿದದ್ದಕ್ಕೆ ಲಾಭದ ಪಾಲು ಎಂದು ಹೆಸರು. ಅದನ್ನು ಪಡೆಯಲು ಆರು ತಿಂಗಳ ಸೇವೆಯಾಗಿರಬೇಕು, ನಡತೆ ಒಪ್ಪಿಗೆಯಾಗಬೇಕು. ಸಮಾಜಶಾಸ್ತ್ರ ವಿಭಾಗ ಎಂಬ ಹೆಸರಿನಲ್ಲಿ ಕಂಪನಿ ತನಿಖೆಯವರನ್ನು ಮನೆಮನೆಗೆ ಕಳುಹಿಸಿತು. ಕೆಲಸಗಾರ ಕುಡಿಯುತ್ತಾನೆಯೇ, ಉಳಿತಾಯ ಎಷ್ಟು, ಮನೆ ಚೊಕ್ಕಟವಾಗಿದೆಯೇ, ಬಾಡಿಗೆಗೆ ಉಳಿದ ಹೊರಗಿನವರು ಇದ್ದಾರೆಯೇ ಎಂದು ಕೇಳಿ ಬರೆದುಕೊಂಡರು. ಹೆಂಗಸರನ್ನು ಮೊದಲಿಗೆ ಈ ಯೋಜನೆಗೆ ಸೇರಿಸಿಕೊಳ್ಳಲೇ ಇಲ್ಲ. ವಲಸೆ ಬಂದವರಿಗಾಗಿ ಇಂಗ್ಲಿಷ್ ಶಾಲೆ ತೆರೆದರು. ಕಲಿಯುವುದು ಒಳ್ಳೆಯದೇ. ಆದರೆ ಆ ಶಾಲೆಯ ಸಮಾರಂಭದಲ್ಲಿ, ತಮ್ಮ ತಮ್ಮ ನಾಡಿನ ಉಡುಪು ತೊಟ್ಟವರು ಒಂದು ಬೃಹತ್ ಕಡಾಯಿಯೊಳಗೆ ಇಳಿದು, ಅಮೆರಿಕದ ಉಡುಪಿನಲ್ಲಿ ಬಾವುಟ ಹಿಡಿದು ಹೊರಬರುತ್ತಿದ್ದರು. ತಾಯ್ನುಡಿಯ ಪತ್ರಿಕೆಯೊಂದನ್ನು ನಡೆಸುವವನಾಗಿ ಆ ದೃಶ್ಯವನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕೆಲಸಗಾರನೂ ಕಾರು ಕೊಳ್ಳಲಿ ಎಂಬ ಮಾತನ್ನು ಸ್ವಲ್ಪ ಗುಣಿಸಿ ನೋಡಿ. ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಕಾರು ಮಾರುವ ಕಂಪನಿ ತನ್ನ 14,000 ಜನರಿಗೆ ಒಂದೊಂದು ಕಾರು ಮಾರಿ ಬದುಕಲಾರದು. ಅವರು ಉಳಿಯಬೇಕಾಗಿತ್ತು, ಉಳಿದರು. 1915ರ ಹೊತ್ತಿಗೆ ಆ 370 ಎಂಬ ಅಂಕಿ 16ಕ್ಕೆ ಇಳಿದಿತ್ತು. ಉತ್ಪಾದನೆ ಏರಿತು, ಲಾಭವೂ ಏರಿತು. ತನಗೆ ಲಾಭವಾಗುವ ಕೆಲಸವನ್ನು ಮಾಲೀಕ ಮಾಡಿದರೆ ತಪ್ಪೇನಿಲ್ಲ, ಅದನ್ನು ದಾನವೆಂದು ಕರೆಯುವುದು ತಪ್ಪು.

ನೀವು ನನಗೆ ಪತ್ರ ಬರೆದಿರಿ. 1914ರ ಆ ಜನವರಿಯಲ್ಲಿ ಫೋರ್ಡ್ ಅವರಿಗೂ ಒಂದು ಪತ್ರ ಬಂದಿತ್ತು. ಜೋಡಣಾ ಸಾಲಿನ ಕೆಲಸಗಾರನೊಬ್ಬನ ಹೆಂಡತಿ ಹೆಸರು ಹಾಕದೆ ಬರೆದದ್ದು. ನಿಮ್ಮ ಈ ಸರಪಳಿ ವ್ಯವಸ್ಥೆ ಮನುಷ್ಯರನ್ನು ಗುಲಾಮರಂತೆ ಅಟ್ಟುತ್ತದೆ, ನನ್ನ ಗಂಡ ಮನೆಗೆ ಬಂದವನೇ ಬಿದ್ದುಕೊಳ್ಳುತ್ತಾನೆ, ಊಟವನ್ನೂ ಮಾಡುವುದಿಲ್ಲ, ಇದನ್ನು ಸರಿಪಡಿಸಲು ಬರುವುದಿಲ್ಲವೇ ಎಂದು ಆಕೆ ಕೇಳುತ್ತಾಳೆ. ಐದು ಡಾಲರ್ ನಮ್ಮ ಪಾಲಿಗೆ ದೊಡ್ಡ ವರ, ನಿಮಗೆ ಗೊತ್ತಿರುವುದಕ್ಕಿಂತಲೂ ದೊಡ್ಡದು, ಆದರೆ ಅದನ್ನು ಅವರು ದುಡಿದೇ ಪಡೆಯುತ್ತಾರೆ ಎಂದೂ ಹೇಳುತ್ತಾಳೆ. ಫೋರ್ಡ್ ಕಂಪನಿಯ ಕುರಿತು ನಾನು ಓದಿದ ಎಲ್ಲ ಪುಟಗಳಲ್ಲಿ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಈ ಹೆಸರಿಲ್ಲದ ಹೆಂಗಸಿನ ಕೆಲವೇ ಸಾಲುಗಳು. ಕೃತಜ್ಞತೆಯನ್ನೂ ಸತ್ಯವನ್ನೂ ಒಂದೇ ಕಾಗದದಲ್ಲಿ ಬರೆಯಲು ಸಾಧ್ಯ ಎಂದು ಆಕೆ ತೋರಿಸಿದ್ದಾಳೆ.

ಮುಂದಿನದು ನೋವಿನ ಕಥೆ. 1932ರ ಮಾರ್ಚ್ 7ರಂದು, ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಜನ ಕೆಲಸವನ್ನೂ ನೆರವನ್ನೂ ಕೇಳುತ್ತ ಡಿಯರ್‌ಬಾರ್ನ್ ಪಟ್ಟಣದಲ್ಲಿದ್ದ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯತ್ತ ನಡೆದಾಗ ಪೊಲೀಸರೂ ಕಂಪನಿಯ ಕಾವಲಿನವರೂ ಗುಂಡು ಹಾರಿಸಿದರು. ಅಂದು ನಾಲ್ವರು ಸತ್ತರು, ಐದನೆಯವರು ಬಳಿಕ ತೀರಿಕೊಂಡರು. 1937ರ ಮೇ 26ರಂದು ಅದೇ ಕಾರ್ಖಾನೆಯ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಬಂದ ವಾಲ್ಟರ್ ರೂಥರ್, ರಿಚರ್ಡ್ ಫ್ರಾಂಕನ್‌ಸ್ಟೀನ್ ಮುಂತಾದ ಮೋಟಾರು ಕೆಲಸಗಾರರ ಸಂಘದವರನ್ನು ಕಂಪನಿಯ ಆಳುಗಳು ರಕ್ತ ಬರುವಂತೆ ಹೊಡೆದರು. ಛಾಯಾಗ್ರಾಹಕರ ಕೈಯಿಂದಲೂ ಚಿತ್ರ ತೆಗೆದ ಫಲಕಗಳನ್ನು ಕಿತ್ತುಕೊಂಡರು. ಆದರೂ ಕೆಲವು ಚಿತ್ರಗಳು ಉಳಿದು ಪತ್ರಿಕೆಗಳಲ್ಲಿ ಅಚ್ಚಾದವು. 1941ರ ಏಪ್ರಿಲ್‌ನಲ್ಲಿ ರೂಜ್ ಕಾರ್ಖಾನೆ ಮುಷ್ಕರದಿಂದ ಸ್ತಬ್ಧವಾದ ಮೇಲೆ, ಜೂನ್ ತಿಂಗಳಲ್ಲಿ, ಕಂಪನಿ ಸಂಘದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಜನರಲ್ ಮೋಟರ್ಸ್, ಕ್ರೈಸ್ಲರ್ ಎರಡೂ ಅದಕ್ಕೆ ನಾಲ್ಕು ವರ್ಷ ಮೊದಲೇ ಸಂಘವನ್ನು ಒಪ್ಪಿಕೊಂಡಿದ್ದವು. ಅಮೆರಿಕದ ಈ ಮೂರು ದೊಡ್ಡ ಕಾರು ಕಂಪನಿಗಳಲ್ಲಿ ಕೊನೆಯವರೆಗೆ ಕಾದು ಕುಳಿತದ್ದು ನೀವು ಮೆಚ್ಚಿದ ಮಾಲೀಕರ ಕಂಪನಿಯೇ. ಅದೇ ಮಾಲೀಕರ ವಾರಪತ್ರಿಕೆ 1920ರ ದಶಕದಲ್ಲಿ ಯಹೂದಿಗಳ ಮೇಲೆ ಕಾರಿದ ವಿಷವನ್ನು, 1938ರಲ್ಲಿ ಅವರು ನಾಜಿ ಜರ್ಮನಿಯ ಪದಕವನ್ನು ಸ್ವೀಕರಿಸಿದ್ದನ್ನು ನಾನು ಇಲ್ಲಿ ಬೆಳೆಸುವುದಿಲ್ಲ, ಮರೆಯಲೂ ಆರೆ.

ಡೆಟ್ರಾಯಿಟ್ ಹೆಸರಿಗೆ ನಮ್ಮವರು ಮಾರುಹೋದದ್ದು ಇಂದು ನಿನ್ನೆಯದಲ್ಲ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಪ್ರಾಯದಲ್ಲಿ, 1935ರಲ್ಲಿ, ಭಾರತಕ್ಕೂ ಒಂದು ಮೋಟಾರು ಕಾರ್ಖಾನೆ ಬೇಕೆಂದು ಅಮೆರಿಕ, ಯೂರೋಪುಗಳ ಕಾರ್ಖಾನೆಗಳನ್ನು ಸುತ್ತಿ ಬಂದರು. ಆ ಕನಸಿನ ಬಗ್ಗೆ ನನಗೆ ಗೌರವವಿದೆ. ಆದರೆ ಅಂದಿನಿಂದ ಇಂದಿನವರೆಗೆ ಕನ್ನಡದಲ್ಲಿ ಉದ್ಯಮದ ಬಗ್ಗೆ ಬಂದ ಬರಹಗಳಲ್ಲಿ ಸ್ಥಾಪಕರ ಬಾಲ್ಯ, ಬಡತನ, ಛಲ, ಗೆಲುವು ಇವೇ ಇರುತ್ತವೆ. ಸಾಲಿನಲ್ಲಿ ನಿಂತವರು ಚಿತ್ರದ ಹಿನ್ನೆಲೆಯಲ್ಲೂ ಕಾಣುವುದಿಲ್ಲ. ನಮ್ಮ ಪತ್ರಿಕೆಗಳೂ ಈ ತಪ್ಪಿಗೆ ಹೊರತಲ್ಲ.

ಇದು ನನಗೆ ಪುಸ್ತಕದಿಂದಷ್ಟೇ ತಿಳಿದದ್ದಲ್ಲ. ಇಪ್ಪತ್ತರ ಪ್ರಾಯದಲ್ಲಿ ನಾನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವವರಿಗೆ ಕೊಡುತ್ತಿದ್ದ ಕೂಲಿ ಸಾಲದೆ ಒಬ್ಬೊಬ್ಬರೇ ಬೇರೆ ಅಚ್ಚುಕೂಟಗಳಿಗೆ ಹೊರಟರು. ಕೈತಪ್ಪಿಲ್ಲದ ಜೋಡಣೆಗಾರರು ಹೋಗಿ ಹೊಸಬರು ಬಂದಾಗ ಒಂದು ಪುಟದಲ್ಲಿ ನಾನು ನಲವತ್ತು ತಪ್ಪು ಗುರುತಿಸಿದ ದಿನಗಳಿದ್ದವು. ಕೊನೆಗೆ ಕೂಲಿ ಏರಿತು. ಆ ವರ್ಷದ ಆಯುಧಪೂಜೆಯ ದಿನ ಮಾಲೀಕರು ಯಂತ್ರಕ್ಕೆ ಹಾರ ಹಾಕಿ, ನಿಮ್ಮ ಕಷ್ಟ ನೋಡಲಾರದೆ ನಾನಾಗಿಯೇ ಕೂಲಿ ಹೆಚ್ಚಿಸಿದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಹಿರಿಯ ಜೋಡಣೆಗಾರರೊಬ್ಬರು ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದರು. ಅವರ ಹೆಬ್ಬೆರಳು ಸೀಸದಿಂದ ಕಪ್ಪಾಗಿತ್ತು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮೂವತ್ತೊಂದು ವರ್ಷ ಗಿರಣಿಯಲ್ಲಿದ್ದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ನೀವು ಡೆಟ್ರಾಯಿಟ್‌ಗೆ ಹೋಗಿಬಿಟ್ಟಿರಿ. ಸೇರಿದ ದಿನ ನಿಮಗೆ ಎಷ್ಟು ಕೂಲಿ ಇತ್ತು, ಯಾವ ಯಾವ ವರ್ಷ ಏರಿತು, ಏರುವುದಕ್ಕೆ ಮೊದಲಿನ ತಿಂಗಳುಗಳಲ್ಲಿ ಗಿರಣಿಯ ಒಳಗೆ ಏನು ನಡೆದಿತ್ತು, ರಾತ್ರಿ ಪಾಳಿ ಮುಗಿಸಿ ಬಂದಾಗ ಮನೆಯವರು ಏನೆನ್ನುತ್ತಿದ್ದರು, ಇಷ್ಟನ್ನು ನೆನಪಿದ್ದಂತೆ ಬರೆದು ಕಳುಹಿಸಿ. ಒಳ್ಳೆಯ ಮಾಲೀಕರು ಸಿಕ್ಕಿದ್ದರೆ ಅದನ್ನೂ ಬರೆಯಿರಿ, ಒಂದಕ್ಷರವನ್ನೂ ತೆಗೆಯುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ನಿಮಗಾಗಿ ಕಾದಿರಿಸಿದ್ದೇನೆ; ತಿಂಗಳ ಇಪ್ಪತ್ತರೊಳಗೆ ತಲುಪಿದರೆ ಸಾಕು.

— ಸಂಪಾದಕ