ಮಗ ಚರ್ಚಿನಲ್ಲಿ ದೃಢೀಕರಣದ (ಕನ್ಫರ್ಮೇಶನ್) ಕ್ಲಾಸಿಗೆ ಬರಲ್ಲ ಅಂತಾನೆ, ದೇವರ ಮೇಲೆ ನಂಬಿಕೆ ಹೋಗಿದೆ ಅಂತಾನೆ. ಪಾದ್ರಿ ಅಯ್ಯನವರಿಂದ ಹೇಳಿಸಲೋ, ಬಲವಂತ ಮಾಡಲೋ?

ನಿಮಗೆ ಮಗ, ನನಗೆ ಮಗಳು. ವ್ಯತ್ಯಾಸ ಅಷ್ಟೇ. ನಿಮ್ಮ ಪ್ರಶ್ನೆಯ ಮಿಕ್ಕ ಪ್ರತಿ ಸಾಲೂ 2016ರಲ್ಲಿ ನಾನೇ ಬರೆಯಬಹುದಾಗಿದ್ದ ಸಾಲು.

ನಾವು ಧಾರವಾಡದವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಸಭೆ ಅಂದರೆ ನಮ್ಮ ಚರ್ಚಿನ ಜನ. ಅಜ್ಜನ ಕಾಲದಲ್ಲಿ ಬಾಸೆಲ್ ಮಿಷನ್, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟಂಟ್ ಮಿಷನರಿಗಳದ್ದು. ಮಗಳು ಆಗ ಪಿಯುಸಿ ಎರಡನೇ ವರ್ಷ. ಸಂಡೇ ಸ್ಕೂಲಿನಲ್ಲಿ ವಾಕ್ಯ ಬಾಯಿಪಾಠ ಹೇಳಿ ವರ್ಷ ವರ್ಷ ಬಹುಮಾನ ತರುತ್ತಿದ್ದವಳು. ಕ್ವಾಯರಿನಲ್ಲಿ ಹಾಡುತ್ತಿದ್ದಳು. ಒಂದು ರಾತ್ರಿ ಕರೆಂಟ್ ಹೋಗಿತ್ತು. ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆವು. ಅವಳೇ ಮಾತು ತೆಗೆದಳು.

"ಅಪ್ಪಾ, ನಾ ಪ್ರಾರ್ಥನಾ ಮಾಡೂಮುಂದ ಆ ಕಡೆ ಯಾರೂ ಕೇಳಾಕತ್ತಿಲ್ಲ ಅನಸ್ತದ. ಭಾಳ ದಿನ ಆತು."

"ಹಂಗೆಲ್ಲಾ ಅನಬಾರದವ್ವಾ" ಅಂದೆ. ಅವಳು ಸ್ವಲ್ಪ ಹೊತ್ತು ಕಾದಳು. ನಾನು ಬೇರೆ ಏನೂ ಕೇಳಲಿಲ್ಲ. ಎದ್ದು ಒಳಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತೇನೋ. ಮರುದಿನ ಬುಧವಾರ. ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಕೊನೆಗೆ ಕೇಳುತ್ತಾರಲ್ಲ, ಪ್ರಾರ್ಥನಾ ವಿಷಯಗಳಿದ್ದರೆ ಹೇಳಿ ಅಂತ. ನಾನು ಎದ್ದು ನಿಂತು ಮಗಳ ಹೆಸರು ಹೇಳಿದೆ. ವಿಶ್ವಾಸದಲ್ಲಿ ಕುಗ್ಗಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿ ಅಂದೆ.

ಈ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಯಾಕಂದರೆ ಹೊರಗಿನಿಂದ ನೋಡಿದರೆ ಇದು ತಪ್ಪು ಅಂತ ಕಾಣುವುದೇ ಇಲ್ಲ. ಅಲ್ಲಿ ಇಪ್ಪತ್ತು ಜನ ಇದ್ದರು. ಎಲ್ಲರೂ ಅವಳನ್ನು ಎತ್ತಿ ಆಡಿಸಿದವರು. ಇಬ್ಬರು ಹೆಂಗಸರು ಕಣ್ಣೀರು ಹಾಕಿ ಪ್ರಾರ್ಥಿಸಿದರು. ಅವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಮನೆಗೆ ಬರುವಾಗ ನನ್ನ ಎದೆ ಹಗುರವಾಗಿತ್ತು. ತಪ್ಪು ಇದ್ದದ್ದು ಅಲ್ಲೇ. ನನ್ನ ಭಾರ ಇಳಿಯಿತು, ಅದು ಹೋಗಿ ಕೂತದ್ದು ಅವಳ ತಲೆಯ ಮೇಲೆ. ಅವಳು ಕತ್ತಲಲ್ಲಿ, ಅಪ್ಪ ಒಬ್ಬನಿಗೇ ಹೇಳಿದ ಮಾತು ಅದು. ಅದನ್ನು ಹಂಚುವ ಹಕ್ಕು ನನಗೆ ಇರಲಿಲ್ಲ. ಪ್ರಾರ್ಥನೆ ಮಾಡಿದ್ದು ತಪ್ಪಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಅಂತ ಯೇಸುವೇ ಹೇಳಿದ್ದು ಬೈಬಲಿನ ಮತ್ತಾಯ ಆರನೇ ಅಧ್ಯಾಯದಲ್ಲಿದೆ. ನಾನು ಆ ಬಾಗಿಲನ್ನು ತೆರೆದಿಟ್ಟೆ. ದೇವರಿಗೆ ಹೇಳಬೇಕಾದ್ದನ್ನು ಇಪ್ಪತ್ತು ಜನರಿಗೆ ಹೇಳಿದೆ. ಅವಳ ಹೆಸರು ಹಿಡಿದು ಹೇಳಿದೆ. ಅವಳನ್ನು ಒಂದು ಮಾತು ಕೇಳದೆ ಹೇಳಿದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬರು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಇನ್ನೊಬ್ಬರು ಒಂದು ಪುಸ್ತಕ ಕೊಟ್ಟರು. ಮೂರನೆಯವರು ಕಾಲೇಜಿನಲ್ಲಿ ಯಾವ ಗೆಳತಿಯರ ಜೊತೆ ಇದ್ದೀ ಅಂತ ವಿಚಾರಿಸಿದರು. ಮುಂದಿನ ವಾರ ಕ್ವಾಯರಿನವರು, ಸ್ವಲ್ಪ ದಿನ ಹಿಂದಿನ ಸಾಲಿನಲ್ಲಿ ನಿಲ್ಲಮ್ಮಾ ಅಂದರು. ಅವಳು ಮನೆಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು. "ನೀ ಹೇಳಿದ್ಯಾ?"

ಹೌದು ಅಂದೆ. ಅವಳು ಜಗಳ ಆಡಲಿಲ್ಲ. ಚರ್ಚಿಗೆ ಬರುವುದನ್ನೂ ತಕ್ಷಣ ಬಿಡಲಿಲ್ಲ. ದೃಢೀಕರಣ ತೆಗೆದುಕೊಂಡಳು, ಬಿಷಪ್‌ರ ಮುಂದೆ ಮೊಣಕಾಲೂರಿದಳು. ನಾನು ಅದನ್ನು ಗೆಲುವು ಅಂದುಕೊಂಡೆ. ಆಮೇಲೆ ನಾಲ್ಕು ವರ್ಷ ನನಗೆ ಒಂದು ಮನಸ್ಸಿನ ಮಾತು ಹೇಳಲಿಲ್ಲ. ಫೋನ್ ಮಾಡಿದರೆ ಊಟ ಆಯಿತು, ಪರೀಕ್ಷೆ ಇದೆ, ಇಡ್ತೀನಿ.

ಅವಳ ಸಂಶಯದ ಮೂಲ ನನಗೆ ಗೊತ್ತಾದದ್ದು 2020ರಲ್ಲಿ, ಲಾಕ್‌ಡೌನ್ ಅಂತ ಅವಳು ಮನೆಗೆ ಬಂದಿದ್ದಾಗ. ನನ್ನ ನಾದಿನಿ, ಅಂದರೆ ಅವಳ ಚಿಕ್ಕಮ್ಮ, ಕಿಡ್ನಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಸಭೆಯೆಲ್ಲ ಉಪವಾಸ ಪ್ರಾರ್ಥನೆ ಮಾಡಿತ್ತು. ಮಣ್ಣಿನ ದಿನ ಯಾರೋ ಅಂದರಂತೆ, ನಮ್ಮ ವಿಶ್ವಾಸ ಸಾಲಲಿಲ್ಲ ಅಂತ. ಯಾರ ವಿಶ್ವಾಸ ಸಾಲಲಿಲ್ಲ ಅಪ್ಪಾ, ಚಿಕ್ಕಮ್ಮಂದಾ, ನಂದಾ? ಹದಿನೇಳನೇ ವಯಸ್ಸಿನಿಂದ ಈ ಪ್ರಶ್ನೆ ಹೊತ್ತುಕೊಂಡಿದ್ದಳು. ಅವತ್ತು ಕಟ್ಟೆಯ ಮೇಲೆ "ಯಾಕವ್ವಾ?" ಅಂತ ಒಂದು ಮಾತು ಕೇಳಿದ್ದರೆ ಅವತ್ತೇ ಹೇಳುತ್ತಿದ್ದಳು. ಕಾಲೇಜು, ಗೆಳತಿಯರು, ಯೂಟ್ಯೂಬ್ ಅಂತ ನಾನು ಯಾರ್‍ಯಾರನ್ನೋ ದೂರುತ್ತಿದ್ದೆ. ಆ ಮಾತು ಬಂದದ್ದು ನಮ್ಮದೇ ಸಭೆಯಿಂದ.

ಬಾಸೆಲ್ ಮಿಷನ್ ಮನೆತನಗಳಿಗೆ ಇದು ಹೊಸದೂ ಅಲ್ಲ. ಹರ್ಮನ್ ಹೆಸ್ಸೆ ಅಂತ ಜರ್ಮನ್ ಲೇಖಕ, 1946ರಲ್ಲಿ ನೊಬೆಲ್ ಬಂತು. ಅವರ ತಂದೆ ಮಂಗಳೂರಿನಲ್ಲಿ ಮಿಷನರಿಯಾಗಿದ್ದವರು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್. ಹುಡುಗ ಪಾದ್ರಿಯಾಗಲಿ ಅಂತ ಓದಲು ಕಳಿಸಿದ್ದರು. 1892ರಲ್ಲಿ, ಹದಿನಾಲ್ಕು ವಯಸ್ಸಿಗೆ, ಅಲ್ಲಿಂದ ಓಡಿಹೋದ. ಮನೆಯವರು ಪ್ರಾರ್ಥನೆಯಿಂದ ಗುಣಪಡಿಸುತ್ತಾರೆ ಅಂತ ಹೆಸರಾಗಿದ್ದ ಪಾದ್ರಿಯ ಹತ್ತಿರ ಬಿಟ್ಟರು. ಅಲ್ಲಿ ಹುಡುಗ ಜೀವ ತೆಗೆದುಕೊಳ್ಳಲು ಹೊರಟ. ಅಲ್ಲಿಂದ ಇನ್ನೊಂದು ಸಂಸ್ಥೆಗೆ ಹಾಕಿದರು. ಅಲ್ಲಿಂದ ಅಪ್ಪನಿಗೆ ಬರೆದ ಕಾಗದವನ್ನು, ಗುರುತಿಲ್ಲದವರಿಗೆ ಬರೆಯುವ ಹಾಗೆ, 'ಮಾನ್ಯರೇ' ಅಂತ ಶುರುಮಾಡಿದ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಅಜ್ಜ ಗುಂಡರ್ಟ್ ಬೇರೆ ಥರ. ಓಡಿಹೋಗಿ ಸಿಕ್ಕಿಬಿದ್ದ ಮೊಮ್ಮಗ ಹೆದರುತ್ತ ಎದುರು ನಿಂತಾಗ ಬೈಯಲಿಲ್ಲ. ಪುಟ್ಟ ಪ್ರವಾಸ ಹೋಗಿದ್ದೆಯಂತೆ ಅನ್ನುವ ಹಾಗೆ ನಗುತ್ತ ಮಾತಾಡಿಸಿದರು. ಹೆಸ್ಸೆ ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಜೀವನವಿಡೀ ಸುವಾರ್ತೆ ಸಾರಿದ ಮನುಷ್ಯ ಆ ಅಜ್ಜ. ಅವರಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳಲಿ ನೋಡೋಣ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಯ್ಯನವರಿಂದ ಹೇಳಿಸಲೋ, ಬಲವಂತ ಮಾಡಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ನಿಮ್ಮ ಮಗ ಎಲ್ಲಿಗೂ ಹೋಗಿಲ್ಲ. ನಿಮ್ಮ ಮುಂದೆ ನಿಂತು ನಿಜ ಹೇಳಿದ್ದಾನೆ. ದೃಢೀಕರಣ ಅಂದರೆ ದೇವರ ಮುಂದೆ, ಸಭೆಯ ಮುಂದೆ ಮಾಡುವ ಪ್ರತಿಜ್ಞೆ. ಮನಸ್ಸಿಲ್ಲದವನ ಬಾಯಿಂದ ಅದನ್ನು ಹೇಳಿಸಿದರೆ ದೇವರಿಗೆ ಏನು ಸಿಕ್ಕಿತು? ನನ್ನ ಮಗಳು ಹೇಳಿದಳು. ಸುಳ್ಳು ಹೇಳಿದೆ ಅಂತ ಈಗಲೂ ನೊಂದುಕೊಳ್ಳುತ್ತಾಳೆ. ಈ ವರ್ಷ ಬೇಡ ಅಂದರೆ ಬಿಡಿ. ಆಮೇಲೂ ತೆಗೆದುಕೊಳ್ಳಬಹುದು.

ಯೇಸು ಸತ್ತು ಎದ್ದು ಬಂದದ್ದನ್ನು ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದ ಶಿಷ್ಯ ತೋಮ. ಅವನ ಕಥೆಯಲ್ಲಿ ನಾವೆಲ್ಲ ಗಾಯ ಮುಟ್ಟುವ ವಿಷಯವನ್ನೇ ಹೇಳುತ್ತೇವೆ. ಅದಕ್ಕೂ ಮೊದಲು ಎಂಟು ದಿನ ಕಳೆದಿತ್ತು. ನಾನು ನಂಬುವುದಿಲ್ಲ ಅಂತ ಖಂಡಿತವಾಗಿ ಹೇಳಿದವನು ಎಂಟು ದಿನ ಆದಮೇಲೂ ಅದೇ ಮನೆಯಲ್ಲಿ, ಮಿಕ್ಕ ಶಿಷ್ಯರ ಜೊತೆಗೇ ಇದ್ದ. ಅವರು ಅವನನ್ನು ಹಿಂದಿನ ಸಾಲಿಗೆ ಕಳಿಸಿರಲಿಲ್ಲ. ನೀವು ಆ ಮನೆ ಆಗಿ. ಯಾಕೆ ಅಂತ ಕೇಳಿ, ಉತ್ತರ ಕೊಡಲು ಹೋಗಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಚಿಕ್ಕಮ್ಮನ ವಿಷಯಕ್ಕೆ ನಾನು ಕೊನೆಗೂ ಅಂದದ್ದು ಅಷ್ಟೇ, ನನಗೂ ಗೊತ್ತಿಲ್ಲವ್ವಾ. ಅವತ್ತು ನನ್ನ ಭುಜಕ್ಕೆ ಒರಗಿ ಅತ್ತಳು. ನಾನೂ ಅತ್ತೆ.

ಅವಳೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಚರ್ಚಿಗೆ ಹೋಗುತ್ತಾಳಾ ಅಂತ ನಮ್ಮ ಸಭೆಯವರು ಕೇಳುತ್ತಾರೆ. ಅವಳನ್ನೇ ಕೇಳಿ ಅಂತೀನಿ.

ಈ ಉತ್ತರ ಬರೆದು ಮೊದಲು ಅವಳಿಗೇ ಕಳಿಸಿದೆ. ಎರಡು ಸಾಲು ತೆಗೆಸಿದಳು. ಉಳಿದದ್ದು ಹಾಕು ಅಪ್ಪಾ ಅಂದಳು.