ಕೊಲೆಗಾರ ಯಾರೆಂದು ನನಗೇ ಗೊತ್ತಿಲ್ಲ, ಮುಂದೆ ಹೇಗೆ ಬರೆಯಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸಣ್ಣವನಿದ್ದಾಗಿನಿಂದ ಪತ್ತೇದಾರಿ ಕಾದಂಬರಿಗಳ ಹುಚ್ಚು. ಈಗ ನಾನೇ ಒಂದು ಬರೆಯುತ್ತಿದ್ದೇನೆ. ಊಟವಾದ ಮೇಲೆ ಒಂದು ತಾಸು ಸಿಗುತ್ತದೆ, ಸುಗ್ಗಿಯಲ್ಲಿ ಅದೂ ಇಲ್ಲ. ಬೆಂಗಳೂರಿನ ಖಾಸಗಿ ಪತ್ತೇದಾರನೊಬ್ಬನ ಕತೆ. 60 ಪುಟ ಆಗಿದೆ. ಆದರೆ ಕೊಲೆ ಮಾಡಿದವರು ಯಾರೆಂದು ನನಗೇ ಗೊತ್ತಾಗಿಲ್ಲ. ಏನು ಮಾಡಲಿ?

ಉತ್ತರ: ಹದಿನೈದು ದಿನ ಬರೆಯುವುದನ್ನು ನಿಲ್ಲಿಸಿಬಿಡಿ. ಪತ್ತೇದಾರಿ ಕಾದಂಬರಿಯೊಳಗೆ ಎರಡು ಕತೆ ಇರುತ್ತವೆ. ಒಂದು, ನಿಜವಾಗಿ ನಡೆದದ್ದು. ಇನ್ನೊಂದು, ಅದನ್ನು ಹುಡುಕಿದ್ದು. ನೀವು ಎರಡನೆಯದನ್ನು ಬರೆಯುತ್ತಿದ್ದೀರಿ, ಮೊದಲನೆಯದು ನಿಮ್ಮ ಹತ್ತಿರ ಇಲ್ಲ. ಒಂದು ನೋಟ್‌ಬುಕ್‌ನಲ್ಲಿ ಬರೀ ಕೊಲೆಗಾರನ ಕತೆ ಬರೆಯಿರಿ. ಯಾರು, ಯಾಕೆ, ಎಷ್ಟು ಗಂಟೆಗೆ ಎಲ್ಲಿದ್ದ, ಆಮೇಲೆ ಯಾರಿಗೆ ಯಾವ ಸುಳ್ಳು ಹೇಳಿದ. ನಾಲ್ಕು ಪುಟ ಸಾಕು. ನಾನು ಮೊದಲ ಸಲ ಇದನ್ನು ಮಾಡದೆ ನೂರು ಪುಟ ಬರೆದು, ಎಲ್ಲವನ್ನೂ ಹರಿದು ಹಾಕಬೇಕಾಯಿತು. ಆ ನೋವು ನಿಮಗೆ ಬೇಡ.

ಇನ್ನೊಂದು ಮಾತು. ಬೆಂಗಳೂರಿಗೆ ಯಾಕೆ ಹೋದಿರಿ? ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಅಂತ ನೀವು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೀರಿ, ಅಲ್ವಾ? ಅಂಥ ತಿಳಿವಳಿಕೆಯೇ ಪತ್ತೇದಾರಿ ಕತೆಯ ಬಂಡವಾಳ. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ವಿಷಗಳ ಬಗ್ಗೆ ಕಲಿತದ್ದನ್ನೇ 1920ರಲ್ಲಿ ಬಂದ ತಮ್ಮ ಮೊದಲ ಕಾದಂಬರಿಗೆ ಬಳಸಿದರು. ನಿಮ್ಮ ಹತ್ತಿರ ಮೆಣಸಿನಕಾಯಿ ಇದೆ.

ಹೀಗೆ ನೋಡಿ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ. ಹೊರಗಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದರೆ ಬಣ್ಣ ಇಳಿಯುತ್ತದೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಉಳಿಯುತ್ತದೆ. ಇದು ನಿಮಗೆ ದಿನದ ಮಾತು. ಈಗ ಕೊಲೆಗಾರ ಹೇಳುತ್ತಾನೆ: "ಆ ರಾತ್ರಿ ನಾನು ಕೋಲ್ಡ್ ಸ್ಟೋರೇಜ್‌ಗೆ ಹೋಗಿದ್ದೆ. ಹೋದ ವರ್ಷ ಇಟ್ಟ ಚೀಲ ಬಿಡಿಸಿಕೊಂಡು ಬಂದೆ." ಚೀಲ ಅಂಗಡಿಯಲ್ಲಿದೆ, ಎಲ್ಲರೂ ನಂಬುತ್ತಾರೆ. ಆದರೆ ಮೂರನೇ ಅಧ್ಯಾಯದಲ್ಲೇ ಒಬ್ಬ ಖರೀದಿದಾರ ಆ ಚೀಲಕ್ಕೆ ಕೈ ಹಾಕಿ, "ಬಣ್ಣ ಹೋಗೇತಲ್ರೀ, ಇದಕ್ಕ ಇಷ್ಟ್ ರೇಟ್ ಹೆಂಗ?" ಅಂದಿರುತ್ತಾನೆ. ಓದುಗರಿಗೆ ಅದು ಸುಮ್ನೆ ಚೌಕಾಸಿ. ಕೊನೆಗೆ ಗೊತ್ತಾಗುತ್ತದೆ, ಆ ಚೀಲ ಕೋಲ್ಡ್ ಸ್ಟೋರೇಜ್ ಕಂಡೇ ಇಲ್ಲ.

ಸುಳಿವನ್ನು ಬಚ್ಚಿಡುವುದು ಅಂದರೆ ಇದೇ. ಅದು ಓದುಗರ ಕಣ್ಣೆದುರೇ ಇರಬೇಕು, ಆದರೆ ಬೇರೆ ಯಾವುದೋ ಕೆಲಸದಲ್ಲಿ ತೊಡಗಿರಬೇಕು. ಕೊನೆಯ ಪುಟದಲ್ಲಿ ಹೊಸ ಸುಳಿವು ತಂದು ಬಿಡಿಸಿದರೆ ಅದು ಮೋಸ. ಆದರೆ ಡಬ್ಬಿ, ಕಡ್ಡಿ ನೋಡದ ಓದುಗರೂ ಇರುತ್ತಾರೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಬಣ್ಣ ಉಳಿಯುತ್ತದೆ ಎಂಬುದನ್ನು ಮೊದಲೇ ಬೇರೆ ಕಡೆ ಯಾರ ಬಾಯಲ್ಲಾದರೂ ಹೇಳಿಸಿ.

ಖಾಸಗಿ ಪತ್ತೇದಾರನನ್ನೂ ಬಿಡಿ. ನಮ್ಮಲ್ಲಿ ಅವನಿಗೆ ಕಾನೂನಿನ ಯಾವ ಅಧಿಕಾರವೂ ಇಲ್ಲ, ಪೊಲೀಸರು ಶವದ ಹತ್ತಿರ ಬಿಡುವುದಿಲ್ಲ. ಗುಮಾಸ್ತನನ್ನು ಬಿಡುತ್ತಾರೆ! ಅನುಮಾನದ ಸಾವಾದಾಗ ಶವದ ಪಂಚನಾಮೆಗೆ ಆಸುಪಾಸಿನ ಇಬ್ಬರಾದರೂ ಮರ್ಯಾದಸ್ಥರು ಹಾಜರಿರಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹಾಗೆ ಹೇಳುತ್ತದೆ. ನಿಮ್ಮ ಕತೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ, ಆಗ ಜಾರಿಯಲ್ಲಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಹೆಸರಲ್ಲಿ ಸಿಆರ್‌ಪಿಸಿ 174 ಅಂತ ಬರೆಯಿರಿ. ಪಂಚನಾಗಿ ಸಹಿ ಹಾಕಲು ಹೋದ ಗುಮಾಸ್ತನ ಕಣ್ಣಿಗೆ, ಪೊಲೀಸರಿಗೆ ಕಾಣದ ಒಂದು ಸಂಗತಿ ಬೀಳುತ್ತದೆ. ಅಲ್ಲಿಂದ ಕತೆ ಶುರು ಮಾಡಿ.

ಸಮಯದ ಬಗ್ಗೆ ಜಾಸ್ತಿ ಚಿಂತೆ ಬೇಡ. ಸುಗ್ಗಿಯಲ್ಲಿ ಬರೆಯಬೇಡಿ, ಕೇಳಿಸಿಕೊಳ್ಳಿ. ಹಮಾಲರ ಮಾತು, ತೂಕದ ಜಗಳ, ಟೆಂಡರ್ ದಿನದ ಗಡಿಬಿಡಿ. ದಿನಕ್ಕೆ ಎರಡು ಸಾಲು ಚೀಟಿಯ ಹಿಂದೆ ಗೀಚಿಕೊಂಡರೂ ಆಯಿತು. ಮಳೆಗಾಲದಲ್ಲಿ ಕೂತು ಬರೆಯಿರಿ.

ಮುಗಿದ ಮೇಲೆ ಅಂಗಡಿಯ ಇಬ್ಬರಿಗೆ ಓದಲು ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಯಾವ ಪುಟದಲ್ಲಿ ಯಾರ ಮೇಲೆ ಅನುಮಾನ ಬಂತು ಅಂತ ಕೇಳಿ, ಆ ಪುಟದ ನಂಬರ್ ಬರೆದಿಟ್ಟುಕೊಳ್ಳಿ. ಇಬ್ಬರೂ ಇಪ್ಪತ್ತನೇ ಪುಟಕ್ಕೇ ಸರಿಯಾದ ಹೆಸರು ಹೇಳಿದರೆ, ಆ ಖರೀದಿದಾರನ ಚೌಕಾಸಿಯನ್ನು ಇನ್ನೊಂದು ಸಲ ತಿದ್ದಬೇಕು.